ಚನ್ನಬಸಮ್ಮನ ಈರುಳ್ಳಿ ಹೊಲ

ಗೆಟ್ಟವಾಡಿ
ಭಾನುವಾರ, ೧೬ ನವೆಂಬರ್ ೨೦೨೫

ಪ್ರೀತಿಯ ಸೊಸೆ ದಿವ್ಯಳಿಗೆ ನಿನ್ನ ಅತ್ತೆ ಪುಟ್ಟಮಲ್ಲಮ್ಮ ಮಾಡುವ ಆಶೀರ್ವಾದ.

ಹೇಗಿದ್ದೀಯ ತಾಯಿ? ಕೆಮ್ಮು ಬಿಟ್ಟಿತೋ ಇಲ್ಲವೋ? ಫೋನಿನಲ್ಲಿ ಮಾತಾಡುವಾಗ ಕೆಮ್ಮು ಬಂದರೆ ಬಾಯಿಗೆ ಸೆರಗು ಅಡ್ಡ ಇಟ್ಟುಕೊಳ್ಳುತ್ತೀಯ, ಮುದುಕಿಗೆ ಗೊತ್ತಾಗುವುದಿಲ್ಲ ಅಂದುಕೊಂಡಿದ್ದೀಯ. ನಿನ್ನ ಆಫೀಸಿನ ಯೋಗೇಶ್ ರಜೆ ಮುಗಿಸಿ ನಾಳೆ ಲಾವೋಸಿಗೆ ಹೊರಡುತ್ತಾನಲ್ಲ, ಅವನ ಕೈಯಲ್ಲಿ ಶುಂಠಿ ಮೆಣಸಿನ ಪುಡಿ ಕಳಿಸಿದ್ದೇನೆ. ಬಿಸಿನೀರಿಗೆ ಹಾಕಿ ಕುಡಿ, ಮೂಗು ಮುರಿಯಬೇಡ. ರಾಗಿಹಿಟ್ಟು, ಚಟ್ನಿಪುಡಿಯೂ ಇದೆ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ರಾಗಿ ಕೊಯ್ಲಿಗೆ ಬಂದಿದೆ, ಹಂದಿಗಳಿಗೂ ಅದು ಗೊತ್ತಾಗಿದೆ. ನಿನ್ನ ಮಗಳು ಮೇಘಳ ಮುಂದಿನ ಹಲ್ಲು ಮೊನ್ನೆ ಬಿತ್ತು. ಸಗಣಿಯಲ್ಲಿಟ್ಟು ಸೂರಿನ ಮೇಲೆ ಎಸಿ ಅಂದೆ. ಎಸೆದವಳು, ‘ಅಮ್ಮ ಇರೋ ಮನೆ ಸೂರ್‌ಗೆ ಎಸೀಬೇಕಿತ್ತು ಕಣಜ್ಜಿ’ ಅಂದಳು. ಅವಳ ಕೈಗೆ ಒಂದು ತುಂಡು ಬೆಲ್ಲ ಕೊಟ್ಟೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಒಂದು ಮಾತು ಶುರು ಮಾಡಿದರೆ ನೀನು ‘ಮಾತ್ರೆ ತಗೊಂಡ್ರಾ, ಊಟ ಆಯ್ತಾ’ ಅಂತ ನನ್ನ ಬಾಯಿಯನ್ನೇ ಕಟ್ಟಿಬಿಡುತ್ತೀಯ. ಕಾಗದಕ್ಕಾದರೆ ಅಡ್ಡ ಮಾತಾಡಲು ಬರುವುದಿಲ್ಲ. ಹಾಗಾಗಿ ಪೂರ್ತಿ ಓದು. ವೃಷಭೇಂದ್ರ ನನಗೆ ಎಲ್ಲ ಹೇಳಿದ. ಅವನ ಮೇಲೆ ಸಿಟ್ಟಾಗಬೇಡ, ನನ್ನ ಮಗನ ಹೊಟ್ಟೆಯಲ್ಲಿ ಕಾಳು ನೆನೆಯುವುದಿಲ್ಲ ಅಂತ ಮದುವೆಯಾದಾಗಲೇ ನಿನಗೆ ಹೇಳಿದ್ದೆ. ಲಾವೋಸು, ವಿಯೆಟ್ನಾಮು, ನೇಪಾಳ, ಮೂರು ದೇಶಗಳ ಹಳ್ಳಿಗಳನ್ನು ಅಭ್ಯಾಸ ಮಾಡುವ ದೊಡ್ಡ ಕೆಲಸಕ್ಕೆ ನಿನ್ನನ್ನೇ ಮುಖ್ಯಸ್ಥೆ ಮಾಡುತ್ತಾರಂತೆ. ಮೂರು ವರ್ಷ ಲಾವೋಸಿನಲ್ಲೇ ಇರಬೇಕಂತೆ, ಈ ತಿಂಗಳ ಕೊನೆಯೊಳಗೆ ಉತ್ತರ ಕೊಡಬೇಕಂತೆ. ನೀನು ಆಗುವುದಿಲ್ಲ ಎಂದು ಬರೆಯಲು ಹೊರಟಿದ್ದೀಯಂತೆ. ಮಗುವನ್ನು ಬಿಟ್ಟಿರಲಾರೆ, ಕರೆದುಕೊಂಡು ಹೋದರೆ ನಾನು ಹಳ್ಳಿ ಹಳ್ಳಿ ತಿರುಗುವಾಗ ನೋಡಿಕೊಳ್ಳುವವರು ಯಾರು ಎಂದೆಯಂತೆ. ಅದರ ಮೇಲೆ ಇನ್ನೊಂದು ಮಾತು: ‘ಅತ್ತೆಮ್ಮುನ್ ಮೇಲೆ ಇನ್ನೂ ಎಷ್ಟು ಕೆಲ್ಸ ಏರಾದು?’ ಆ ಮಾತು ಕೇಳಿದಾಗಿನಿಂದ ನನಗೆ ನಿನ್ನ ಮೇಲೆ ಸಿಟ್ಟು ಬಂದಿದೆ. ಸಿಟ್ಟಿಗೆ ಕಾರಣ ಕೊನೆಯಲ್ಲಿ ಹೇಳುತ್ತೇನೆ.

ನಿನಗೆ ನೆನಪಿದೆಯೋ ಇಲ್ಲವೋ, ನೀನು ಪಿಎಚ್‌ಡಿಗೆ ಪ್ರಶ್ನೆ ಕೇಳಲು ಮೊದಲು ಕೂರಿಸಿಕೊಂಡಿದ್ದು ನನ್ನನ್ನೇ. ಆಗ ನೀನು ಈ ಮನೆಗೆ ಬಂದು ವರ್ಷವೂ ಆಗಿರಲಿಲ್ಲ. ಜಗಲಿಯ ಮೇಲೆ ಕೂತು, ದೊಡ್ಡ ಆಫೀಸರಮ್ಮನ ಹಾಗೆ ಗಂಟಲು ಸರಿಮಾಡಿಕೊಂಡು, ಹೋದ ವಾರ ಹೊರಗೆ ಏನು ಕೆಲಸ ಮಾಡಿದಿರಿ ಎಂದು ಕೇಳಿದೆ. ನಾನು ‘ಏನೂ ಇಲ್ಲ ಕಣವ್ವ, ಸುಮ್ನೆ ಮನೇಲಿದ್ದಿ’ ಅಂದೆ. ಪಕ್ಕದ ಮನೆ ಚನ್ನಬಸಮ್ಮನೂ ಹಾಗೇ ಅಂದಳು, ಬೀದಿಯ ಹೆಂಗಸರೆಲ್ಲ ಅದನ್ನೇ ಅಂದರು. ನೀನು ನನ್ನ ಸೀರೆಯ ಅಂಚು ನೋಡಿದೆ. ಮೊಣಕಾಲವರೆಗೂ ಕೆಮ್ಮಣ್ಣು. ‘ಇದೇನತ್ತೆಮ್ಮ, ವಾರವೆಲ್ಲ ಚನ್ನಬಸಮ್ಮೋರ ಈರುಳ್ಳಿ ಒಲ್ದಲ್ಲಿ ಬಗ್ಗಿದ್ರಲ್ಲ?’ ಅಂದೆ. ‘ಅಯ್ಯೋ, ಅದು ಕೆಲ್ಸ ಅಲ್ಲ ಕಣವ್ವ, ಮುಯ್ಯಿ’ ಅಂದೆ ನಾನು. ಇವತ್ತು ಅವಳ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ಅವಳು. ಕೂಲಿ ಕೊಡುವವರಿಲ್ಲ, ಈಸಿಕೊಳ್ಳುವವರಿಲ್ಲ, ಅದನ್ನು ಕೆಲಸ ಅಂತ ಯಾರು ಹೇಳುತ್ತಾರೆ? ಬೇರೆ ಯಾರಾದರೂ ಆಗಿದ್ದರೆ ನಾನು ಹೇಳಿದಂತೆ ‘ಕೆಲಸ ಇಲ್ಲ’ ಅಂತ ಬರೆದುಕೊಂಡು ಬಸ್ಸು ಹತ್ತುತ್ತಿದ್ದರು. ನೀನು ಪೆನ್ನು ಕೆಳಗಿಟ್ಟೆ. ಮಾರನೆಯ ದಿನದಿಂದ ಪ್ರಶ್ನೆ ಕೇಳುವುದು ಬಿಟ್ಟು ನಮ್ಮ ಜೊತೆ ಹೊಲಕ್ಕೆ ಬಂದೆ.

ಅಲ್ಲಿಂದ ಹಿಡಿದ ದಾರಿಯಲ್ಲಿ ನೀನು ಎಷ್ಟು ದೂರ ಹೋದೆ! ತಿಗನಾರೆಯ ಗುರುಮಲ್ಲಪ್ಪನವರ ಮಗಳು, ತಮಿಳುನಾಡಿಗೆ ಸೇರಿದ ನಮ್ಮ ಈ ಗಡಿಯ ಕನ್ನಡ ಸ್ಕೂಲಿನಲ್ಲಿ ಕಲಿತವಳು. ಕೊಯಮತ್ತೂರಿನ ಕೃಷಿ ಕಾಲೇಜಿನಲ್ಲಿ ಪಾಠ ಇಂಗ್ಲಿಷು, ಹಾಸ್ಟೆಲಿನಲ್ಲಿ ತಮಿಳು, ಕನಸಿನಲ್ಲಿ ಮಾತ್ರ ಕನ್ನಡ ಅಂತ ನೀನೇ ಹೇಳುತ್ತಿದ್ದೆ. ಆಮೇಲೆ ನೇಪಾಳದಲ್ಲಿ ಭತ್ತ ನಾಟಿ ಮಾಡುವ ಹೆಂಗಸರ ಜೊತೆ ಒಂದು ಮಳೆಗಾಲ ಕಳೆದೆ. ವಿಯೆಟ್ನಾಮಿನ ಗುಡ್ಡದ ಊರುಗಳಿಗೆ ಹೋದೆ. ಈಗ ಲಾವೋಸು. ಹೋದಲ್ಲೆಲ್ಲ ಹೆಂಗಸರು ‘ಏನೂ ಕೆಲಸ ಇಲ್ಲ’ ಅಂತಲೇ ಹೇಳಿದರಂತೆ, ನೀನು ಹೋದಲ್ಲೆಲ್ಲ ಅವರ ಸೀರೆಯ ಅಂಚು ನೋಡಿದೆ. ಅವರು ಸೀರೆ ಉಡುವುದಿಲ್ಲ ಅಂತ ಗೊತ್ತು, ತಿದ್ದಬೇಡ. ಲೆಕ್ಕಕ್ಕೇ ಬಾರದ ಅವರ ದುಡಿಮೆಯನ್ನು ಸರ್ಕಾರಗಳ ಮುಂದೆ ಇಟ್ಟವಳು ನಮ್ಮ ಮನೆ ಸೊಸೆ. ಈ ಮಾತನ್ನು ನಿನ್ನೆದುರು ಒಂದು ಸಲವೂ ಆಡಿಲ್ಲ, ದೃಷ್ಟಿಯಾಗುತ್ತದೆ ಅಂತ ಭಯ. ಈಗ ಬರೆಯುತ್ತೇನೆ: ನನಗೆ ನಿನ್ನ ಮೇಲೆ ಬಹಳ ಹೆಮ್ಮೆ ಕಣವ್ವ. ಹೆತ್ತ ಮಗಳಾಗಿದ್ದರೂ ಇಷ್ಟು ಆಗುತ್ತಿತ್ತೋ ಇಲ್ಲವೋ ಗೊತ್ತಿಲ್ಲ.

ಊರಿನ ಹೆಮ್ಮೆಯೇ ಬೇರೆ ಥರ. ನಿನ್ನ ಪುಸ್ತಕದಲ್ಲಿ ಈರುಳ್ಳಿ ಹೊಲದ ಫೋಟೋ ಇದೆಯಲ್ಲ, ಚನ್ನಬಸಮ್ಮ ಅದನ್ನು ಚಾಮರಾಜನಗರದ ಬಸ್ಸಿನಲ್ಲಿ ಎಲ್ಲರಿಗೂ ತೋರಿಸುತ್ತಾಳೆ. ನನ್ನ ಹೊಲ ಅಮೆರಿಕದವರೂ ನೋಡಿದ್ದಾರೆ ಅನ್ನುತ್ತಾಳೆ. ಆ ಫೋಟೋದಲ್ಲಿ ನನ್ನ ಬೆನ್ನು ಮಾತ್ರ ಕಾಣುತ್ತದೆ, ಅದಕ್ಕೂ ಅವಳಿಗೆ ಹೊಟ್ಟೆಕಿಚ್ಚು. ಬಸ್ಸಿನಲ್ಲಿ ಯಾರೋ ನಿಮ್ಮ ಸೊಸೆಯ ಕೆಲಸ ಏನು ಅಂತ ಕೇಳಿದರು. ಯಾರ ಮನೆಯಲ್ಲಿ ಯಾರು ದುಡಿಯುತ್ತಾರೆ, ಯಾರು ಕೂತು ಉಣ್ಣುತ್ತಾರೆ ಅಂತ ನೋಡುವುದು ಎಂದೆ. ತಕ್ಷಣ ಚನ್ನಬಸಮ್ಮ, ‘ಅದ ಕಲಿಯಕ ಅಷ್ಟು ದೂರ ಓಗ್ಬೇಕಾ? ನಮ್ ಬೀದೀಲಿ ಎಲ್ರೂ ಮಾಡದು ಅದ್ನೇ ಕಣವ್ವ’ ಅಂದಳು. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ.

ಈಗ ನನ್ನ ಸಿಟ್ಟಿನ ವಿಷಯ. ನಾನು ಜಾರಿ ಬಿದ್ದು ಕಾಲು ಮುರಿದುಕೊಂಡ ವರ್ಷ ನಿನಗೆ ಪಿಎಚ್‌ಡಿ ಪುಸ್ತಕ ಬರೆದು ಒಪ್ಪಿಸುವ ಗಡುವಿತ್ತು. ನಾವು ಬೀದಿಯ ಅಷ್ಟೂ ಮನೆಗಳಿಗೆ ಮುಯ್ಯಾಳಾಗಿ ಹೋಗಬೇಕಿತ್ತು. ಅವರೆಲ್ಲ ನಮ್ಮ ಕಳೆ ಕಿತ್ತು ಮುಗಿಸಿದ್ದರು, ನಮ್ಮ ಸರದಿ ಬಂದಾಗ ನಾನು ಮಂಚದ ಮೇಲೆ. ಆಳು ಇಟ್ಟು ತೀರಿಸಿ ಅಂದೆ. ನೀನು ಒಪ್ಪಲಿಲ್ಲ. ‘ಮುಯ್ಯಿಗೆ ಕೂಲಿಯೋರ್‌ನ ಕಳ್ಸುದ್ರೆ ಮನೆ ಮರ್ಯಾದಿ ಓಗ್ಬುಡ್ತದೆ ಅತ್ತೆಮ್ಮ’ ಅಂತ ನನಗೇ ಪಾಠ ಹೇಳಿ, ಗಡುವನ್ನು ಮುಂದಕ್ಕೆ ಹಾಕಿಸಿ, ನನ್ನ ಹಳೆ ಸೀರೆಯನ್ನೇ ಮೇಲೆತ್ತಿ ಕಟ್ಟಿಕೊಂಡು ಎಲ್ಲರ ಹೊಲಕ್ಕೂ ಹೋದೆ. ಬೊಗಸೆಯೆಲ್ಲ ಬೊಬ್ಬೆ. ನಿನ್ನ ಜೊತೆ ಓದಿದವರು ಆ ವರ್ಷವೇ ಡಾಕ್ಟರೇಟ್ ತಗೊಂಡರು, ನೀನು ಮುಂದಿನ ವರ್ಷ ತಗೊಂಡೆ. ಅದರ ಬಗ್ಗೆ ಒಂದು ದಿನವೂ ಬಾಯಿ ಬಿಡಲಿಲ್ಲ. ಅಂಥವಳು ಈಗ ನನ್ನ ಮೇಲೆ ಕೆಲಸ ಹೇರಬಾರದು ಅಂತ ದೊಡ್ಡ ಹುದ್ದೆಯನ್ನೇ ಬಿಡುತ್ತೀನಿ ಅಂದರೆ ಸಿಟ್ಟು ಬಾರದೇ ಇರುತ್ತದೆಯೇ?

ಇನ್ನೇನು ಸುದ್ದಿ? ಹೋದ ತಿಂಗಳು ವೃಷಭೇಂದ್ರನ ಜೊತೆ ದಿಂಬಂ ಘಾಟಿ ಇಳಿದು ಈರೋಡಿಗೆ ಹೋಗಿಬಂದೆ. ನಿಂಬೆಹಣ್ಣು ಮೂಸುತ್ತಾ ಕೂತಿದ್ದೆ, ವಾಂತಿ ಆಗಲಿಲ್ಲ. ಕಣ್ಣಿನ ಡಾಕ್ಟರ ಹತ್ತಿರ ಅಂತ ಊರಿಗೆಲ್ಲ ಹೇಳಿದ್ದೆ. ಲಾವೋಸಿನವರು ಅನ್ನವನ್ನು ಕೈಯಲ್ಲಿ ಉಂಡೆ ಕಟ್ಟಿ, ಅದ್ದಿಕೊಂಡು ತಿನ್ನುತ್ತಾರೆ ಅಂದಿದ್ದೆಯಲ್ಲ, ಅಂದರೆ ಮುದ್ದೆ ಉಣ್ಣುವವರಿಗೆ ಅಲ್ಲಿ ಕಷ್ಟವಾಗಲಾರದು. ಕಪ್ಪೆ ತಿನ್ನುತ್ತಾರೆ ಅಂತ ಯೋಗೇಶ್ ಹೇಳಿದ. ಅವರ ಪಾಡಿಗೆ ಅವರು ತಿನ್ನಲಿ.

ನಾಳೆ ಕಡೇ ಕಾರ್ತಿಕ ಸೋಮವಾರ. ನಿನ್ನ ಹೆಸರಲ್ಲಿ ಗುಡಿಯಲ್ಲಿ ಒಂದು ದೀಪ ಹಚ್ಚುತ್ತೇನೆ. ಮಾದಪ್ಪ ನಿನ್ನ ಕೈ ಹಿಡಿದು ನಡೆಸಲಿ, ಹೊತ್ತಿಗೆ ಸರಿಯಾಗಿ ಉಣ್ಣುವ ಬುದ್ಧಿಯನ್ನೂ ಕೊಡಲಿ. ಮೇಘ ಮುತ್ತು ಕೊಟ್ಟಿದ್ದಾಳೆ, ಹಲ್ಲಿಲ್ಲದ ಮುತ್ತು.

ಇಂತಿ ನಿನ್ನ ಅತ್ತೆ
ಪುಟ್ಟಮಲ್ಲಮ್ಮ

ಮರೆತ ಮಾತು: ಯೋಗೇಶ್ ಬಾಗಿಲಲ್ಲಿ ನಿಂತು ಬಸ್ಸು ಬಂತು ಅಂತ ಕೂಗುತ್ತಿದ್ದಾನೆ. ಈರೋಡಿಗೆ ಹೋಗಿದ್ದು ಕಣ್ಣಿಗಲ್ಲ, ಪಾಸ್‌ಪೋರ್ಟಿಗೆ. ನನ್ನದೂ ಬಂತು, ಮೇಘಳದೂ ಬಂತು. ವಿಚಾರಣೆಗೆ ಬಂದ ಪೊಲೀಸಿನವನು ‘ಎಂಗೇಮ್ಮಾ ಪೋರೀಂಗ?’ ಅಂದ, ಎಲ್ಲಿಗಮ್ಮ ಹೋಗುತ್ತೀರಿ ಅಂತ. ‘ಮರುಮಗಳ್ ವೀಟ್ಟುಕ್ಕು’ ಅಂದೆ, ಸೊಸೆಯ ಮನೆಗೆ. ಹಸುಗಳನ್ನು ಚನ್ನಬಸಮ್ಮ ನೋಡಿಕೊಳ್ಳುತ್ತಾಳೆ, ವೃಷಭೇಂದ್ರನಿಗೆ ಮುದ್ದೆ ತೊಳಸಲು ಬರುತ್ತದೆ, ಬೇಸಿಗೆಯಲ್ಲಿ ಅವನೂ ಅಲ್ಲಿಗೆ ಬರಲಿ. ನೀನು ಹಳ್ಳಿಗೆ ಹೋದಾಗ ಮಗು ನನ್ನ ಹತ್ತಿರ ಇರುತ್ತದೆ. ಈ ಕಾಗದ ಓದಿದ ದಿನವೇ ಒಪ್ಪಿಗೆ ಅಂತ ಬರೆದು ಕಳಿಸು. ನಿಮಗೇಕೆ ಈ ವಯಸ್ಸಿನಲ್ಲಿ ಇಷ್ಟು ಕೆಲಸ ಅಂತ ಮಾತ್ರ ಅನ್ನಬೇಡ. ಅದು ಕೆಲಸ ಅಲ್ಲ ಕಣವ್ವ, ಮುಯ್ಯಿ.