ಇವತ್ತು ಯಾವ ವಾರ, ಮೇಷ್ಟ್ರೇ?

ಪೂಜ್ಯರೂ, ಸ್ಟೋರ್ ರೂಮಿನ ಏಕಚಕ್ರಾಧಿಪತಿಗಳೂ, ಹತ್ತಿ-ಬ್ಯಾಂಡೇಜು-ಕತ್ತರಿಗಳ ಒಡೆಯರೂ ಆದ ನಿಂಗಪ್ಪ ಮೇಷ್ಟ್ರಿಗೆ, ತಮ್ಮ ಕಾಯಂ ಗಾಯಾಳು ಕಿಟ್ಟಿ ಅಂಗಾತ ಮಲಗಿಕೊಂಡೇ ಮಾಡುವ ನಮಸ್ಕಾರಗಳು.

ಹೀಗೆ ಶುರು ಮಾಡಿದರೆ ನೀವು, "ಲೇ ಕಿಟ್ಯಾ, ಭಾಷಣ ಸಾಕು, ವಿಷಯಕ್ಕ ಬಾ" ಅಂತಿದ್ರಿ. ಬರ್ತೀನಿ. ವಿಷಯಕ್ಕೆ ಬರೋಕೆ ಒಂದೂವರೆ ವರ್ಷ ಹಿಡೀತು. ಇನ್ನು ಸ್ವಲ್ಪ ಹೊತ್ತು ತಡಕೊಳ್ಳಿ.

ಮೊದಲನೇ ಶನಿವಾರ ನಿಮಗೆ ನೆನಪಿದೆಯಾ? ನಾನು ಪೀಣ್ಯದ ನಮ್ಮ ಷೆಡ್ಡಿಗೆ ಲೇತ್ ಆಪರೇಟರ್ ಆಗಿ ಸೇರಿ ಇನ್ನೂ ಎರಡು ವಾರ. ಅವತ್ತು ಬೆಳಿಗ್ಗೆ ತಾನೇ ಅಂಗಿ ತೋಳೊಳಗೆ ಕೈ ಮಡಚಿಟ್ಟುಕೊಂಡು "ಅಯ್ಯೋ, ಕೈ ಹೋಯ್ತು!" ಅಂತ ಕೂಗಿ ಸೂಪರ್‌ವೈಸರ್ ಕೈಲಿದ್ದ ಟೀ ಚೆಲ್ಲಿಸಿದ್ದೆ. ಸಂಜೆ ಕೆಲಸದಿಂದ ತೆಗೆದುಹಾಕ್ತಾರೆ ಅಂದುಕೊಂಡರೆ, ಹಣೆ ತುಂಬ ವಿಭೂತಿ ಇಟ್ಟುಕೊಂಡ ಸ್ಟೋರ್‌ಕೀಪರ್ ಒಬ್ಬರು ಬಂದು ನನ್ನ ಹೆಗಲ ಮೇಲೆ ಕೈ ಹಾಕಿದರು. "ಭಾಳ ಚಲೋ ಚೀರ್ತೀಯಲೇ. ಶನಿವಾರದ ಕ್ಲಾಸಿಗೆ ನನಗೊಬ್ಬ ಗಾಯಾಳು ಬೇಕಾಗ್ಯಾನ." ತರಬೇತಿ ಪಡೆದ ಪ್ರಥಮ ಚಿಕಿತ್ಸಕ ಅಂತ ಇಡೀ ಷೆಡ್ಡಿಗೆ ನೀವೊಬ್ಬರೇ. ಆ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ದೇವರ ಫೋಟೋ ಪಕ್ಕದಲ್ಲೇ ನೇತುಹಾಕಿದ್ರಿ. ಶುಕ್ರವಾರದ ಊದಿನಕಡ್ಡಿ ಎರಡಕ್ಕೂ ಸೇರಿ ಒಂದೇ.

ಆಮೇಲೆ ಎಷ್ಟು ಸಲ ಸತ್ತೆ ಅಂತ ಲೆಕ್ಕ ಇಟ್ಟಿಲ್ಲ. ರೆಡ್ ಆಕ್ಸೈಡ್ ಪೇಂಟ್ ಬಳಕೊಂಡು ಸತ್ತಿದೀನಿ, ಬಾಯಿ ತುಂಬ ಸೋಪಿನ ನೊರೆ ತುಂಬ್ಕೊಂಡು ಸತ್ತಿದೀನಿ. ನೀವು ಸುತ್ತ ನಿಂತವರಿಗೆ ಪಾಠ ಹೇಳ್ತಿದ್ರಿ. "ಮದ್ಲ ಓಡಬ್ಯಾಡ್ರಿ, ನಿಂತು ನೋಡ್ರಿ. ಕರೆಂಟ್ ಐತೇನು, ಮಷಿನ್ ತಿರಗ್ತೈತೇನು, ಮ್ಯಾಲಿಂದ ಏನರ ಬೀಳ್ತೈತೇನು. ನೀವೂ ಬಿದ್ರ ಎರಡು ಹೆಣ ಆಕ್ಕಾವು, ಆಟೋ ಒಂದ." ಆಮೇಲೆ ಭುಜ ತಟ್ಟಿ ಕರೆಯೋದು. ಎದೆ ಏಳುತ್ತಾ ಅಂತ ನೋಡೋದು, ಮೂಗಿನ ಹತ್ತಿರ ಕೆನ್ನೆ ಇಟ್ಟು ಉಸಿರು ತಾಕುತ್ತಾ ಅಂತ ತಿಳಿಯೋದು. ರಕ್ತ ಸುರೀತಿದ್ದರೆ ಬಟ್ಟೆ ಇಟ್ಟು ಒತ್ತಿ ಹಿಡಿಯೋದು. ಅದೆಲ್ಲ ಆದಮೇಲೆ ತಲೆಯಿಂದ ಕಾಲಿನವರೆಗೆ ಒಂದೊಂದೇ ಎಲುಬನ್ನು ಮೆತ್ತಗೆ ಮುಟ್ಟಿ ನೋಡೋದು. ನೀವು ಬಗ್ಗಿದಾಗ ವಿಭೂತಿ ಪುಡಿ ನನ್ನ ಮೂಗಿನ ಮೇಲೆ ಉದುರೋದು. ಪಕ್ಕೆಲುಬಿಗೆ ಕೈ ಬಂತೋ, ನಾನು ಕಿಸಕ್ ಅಂತಿದ್ದೆ. "ಗಾಯ ಆದಾಂವ ನಗಬಾರದಲೇ!" ಅಂತ ತಲೆಗೊಂದು ಮೊಟಕು. ಗಾಯಾಳುವನ್ನು ಮೊಟಕಬೇಕು ಅಂತ ಯಾವ ಪುಸ್ತಕದಲ್ಲಿ ಬರೆದಿತ್ತೋ, ನೀವು ಹೇಳಲೇ ಇಲ್ಲ.

ಇನ್ನು ಆ ಮೂರು ಪ್ರಶ್ನೆ. ತಲೆಗೆ ಏಟಾದವರನ್ನ ಕೇಳಲೇಬೇಕು ಅಂತಿದ್ರಿ. ಹೆಸರೇನು, ಇದು ಯಾವ ಜಾಗ, ಇವತ್ತು ಯಾವ ವಾರ. ನೀವು ಗಂಭೀರವಾಗಿ ಕೇಳೋದು, ನಾನು ಅದಕ್ಕಿಂತ ಗಂಭೀರವಾಗಿ ಉತ್ತರ ಕೊಡೋದು. "ನಾಮಧೇಯ, ದೇವೇಂದ್ರ. ಸ್ಥಳ, ಇಂದ್ರಲೋಕ ಇಂಡಸ್ಟ್ರಿಯಲ್ ಏರಿಯಾ, ಎರಡನೇ ಹಂತ. ವಾರ, ಭಾನುವಾರದ ಮಾರನೇ ಭಾನುವಾರ." ಷೆಡ್ಡು ಬಿದ್ದು ಬಿದ್ದು ನಗ್ತಿತ್ತು. ನೀವು ಮಾತ್ರ ನಗ್ತಿರಲಿಲ್ಲ. "ತಪ್ಪು ಉತ್ತರ ಬಂತಂದ್ರ ಯಾರೂ ನಗಬ್ಯಾಡ್ರಿ. ಕಣ್ಣಿಗೆ ಕಾಣೋ ರಕ್ತಕ್ಕಿಂತ ಅದು ಕೆಟ್ಟದ್ದು" ಅಂತಿದ್ರಿ. ಒಂದು ಶನಿವಾರ ಮಾತ್ರ, ನಾನು ತೀರಾ ಕಾಡಿಸಿದ ಮೇಲೆ, ನನ್ನ ಕಡೆ ಬೆರಳು ತೋರಿಸಿ ಹೇಳಿದ್ರಿ. "ಒಂದಿನ ನಾ ಗಾಯಾಳು ಆಕ್ಕೀನಿ, ನೀ ನನ್ನ ನೋಡಂತಿ. ಅವತ್ತು ನಿನ್ನ ಉತ್ತರ ನಿನಗ ವಾಪಸ್ ಕೊಡ್ತೀನಿ, ತಡಿ."

ಆ ಮಾತನ್ನ ನೀವು ಯಾಕೆ ಆಡಿದ್ರಿ, ಮೇಷ್ಟ್ರೇ?

ಆ ಶುಕ್ರವಾರ ಬೆಳಿಗ್ಗೆ ವಾರದ ಪೂಜೆ ಮುಗಿದಿತ್ತು. ಎಲ್ಲ ಮಷಿನ್ನಿಗೂ ಕುಂಕುಮ ಇಟ್ಟಾಗಿತ್ತು, ಎಲ್ಲರ ಕೈಯಲ್ಲೂ ಕಡ್ಲೆಪುರಿ ಪೊಟ್ಟಣ. ದೇವರ ಫೋಟೋದ ಹಾರ ಒಂದು ಕಡೆ ಜಾರಿದೆ ಅಂತ ನೀವು ಸ್ಟೂಲ್ ಹತ್ತಿದ್ರಿ. ಸ್ಟೂಲ್ ವಾಲಿತು. ಬೀಳುವಾಗ ತಲೆಯ ಹಿಂಭಾಗ ಕಬ್ಬಿಣದ ರ‍್ಯಾಕಿಗೆ ಬಡೀತು. ರಕ್ತ ಇಲ್ಲ, ಕೂಗಾಟ ಇಲ್ಲ. ನೀವೇ ಎದ್ದು ಕೂತು, ಪುರಿ ಚೆಲ್ಲದ ಹಾಗೆ ಪೊಟ್ಟಣ ಸರಿಮಾಡಿಕೊಂಡ್ರಿ. ನಾನು ಓಡಿಬಂದು ಮಂಡಿಯೂರಿ, ಆಸ್ಥಾನ ವೈದ್ಯನ ಗತ್ತಿನಲ್ಲಿ ಶುರು ಮಾಡಿದೆ. "ಗಾಯಾಳು ಮಹಾಸ್ವಾಮಿಗಳೇ, ತಮ್ಮ ನಾಮಧೇಯ?"

"ನಿಂಗಪ್ಪ."

"ಸ್ಥಳ?"

"ಪೀಣ್ಯ."

"ಇಂದು ಯಾವ ವಾರ?"

ನೀವು ಕೈಯಲ್ಲಿದ್ದ ಕಡ್ಲೆಪುರಿ ನೋಡಿದ್ರಿ. ನನ್ನ ಮುಖ ನೋಡಿದ್ರಿ. "ಬುಧವಾರ" ಅಂದ್ರಿ.

ಶುಕ್ರವಾರದ ಪುರಿ ಕೈಲಿಟ್ಟುಕೊಂಡು ಬುಧವಾರ! ಷೆಡ್ಡು ಹಾರಿಹೋಗೋ ಹಾಗೆ ನಕ್ಕರು. "ಮೇಷ್ಟ್ರು ಸೇಡು ತೀರಿಸ್ಕೊಂಡ್ರು ಕಣೋ ಕಿಟ್ಟಿ!" ಅಂತ ಯಾರೋ ಶಿಳ್ಳೆ ಹೊಡೆದರು. ನಾನು ಸೋತೆ ಅಂತ ನಿಮ್ಮ ಕಾಲು ಮುಟ್ಟಿದೆ. ನೀವೂ ನಕ್ಕಿರಿ. ಎಲ್ಲರೂ ನಗ್ತಿದಾರಲ್ಲ ಅಂತ ನಕ್ಕಿರಾ? ಅಥವಾ... ಸ್ವಲ್ಪ ಹೊತ್ತಿಗೆ "ಪೂಜಿ ಆತೇನು?" ಅಂತ ಕೇಳಿದ್ರಿ. ಆಯ್ತು ಅಂದೆ. ಮತ್ತೆ ಕೇಳಿದ್ರಿ. "ಆಯ್ತು ಸ್ವಾಮಿ, ಮುಂದಿನ ವಾರದ್ದೂ ಆಯ್ತು" ಅಂದೆ. ಜಾಣ ನಾನು! ತಲೆ ಭಾರ ಅಂತ ಮಧ್ಯಾಹ್ನವೇ ರಾಜಗೋಪಾಲನಗರದ ಮನೆಗೆ ನಡಕೊಂಡು ಹೋದ್ರಿ. ಗೇಟಿನ ತನಕವಾದರೂ ನಾನು ಬರಬೇಕಿತ್ತು. ಸಂಜೆ ಮಲಗಿದವರು ಎಬ್ಬಿಸಿದರೆ ಏಳಲಿಲ್ಲವಂತೆ. ತಲೆಯೊಳಗೆ ರಕ್ತ ಸೋರಿತ್ತಂತೆ. ಮೂರನೇ ದಿನ...

ನಿಮ್ಮ ಶಿವಗಣಾರಾಧನೆಗೆ ಬಂದಿದ್ದೆ. ಪಂಕ್ತಿಯಲ್ಲಿ ಕೂತು ಹುಗ್ಗಿ ಮುಂದಿಟ್ಟುಕೊಂಡು ನಾಲ್ಕು ಜನರ ಎದುರು ನಿಜ ಹೇಳ್ತೀನಿ ಅಂತ ಹೊರಟವನು, ಹುಗ್ಗಿ ತಿಂದು ಬಂದೆ. ನಿಮ್ಮ ಮನೆಯವರು, ಗಿರಿಜಮ್ಮನವರು, ನಿಮ್ಮ ಖಾಕಿ ಚೀಲ ನನ್ನ ಕೈಗೆ ಕೊಟ್ಟರು. ಬ್ಯಾಂಡೇಜು, ಟಾರ್ಚು, ಕತ್ತರಿ. "ನೀನ ಅವರ ಖಾಸಾ ಶಿಷ್ಯ ಅಂತಿದ್ರಪಾ, ನೀನ ಇಟ್ಕೊ." ಆ ಚೀಲವನ್ನ ಆರು ತಿಂಗಳು ನಮ್ಮ ಮನೆ ಬೀರು ಮೇಲಿಂದ ಇಳಿಸಲಿಲ್ಲ. ಶನಿವಾರದ ಕ್ಲಾಸ್ ನಿಂತೇ ಹೋಯ್ತು. ಓನರ್ "ನೀನೇ ಮಾಡಪ್ಪ" ಅಂದಾಗ ಹಲ್ಲುನೋವು ಅಂದೆ. ಆರು ತಿಂಗಳು ಹಲ್ಲುನೋವು ಮೇಷ್ಟ್ರೇ, ವೈದ್ಯಲೋಕಕ್ಕೇ ಸವಾಲು.

ಕೊನೆಗೆ ಒಂದು ಭಾನುವಾರ ಚೀಲ ಹಿಂದಿರುಗಿಸೋಣ ಅಂತ ನಿಮ್ಮ ಮನೆಗೆ ಹೋದೆ. ಗಿರಿಜಮ್ಮನವರು ರೊಟ್ಟಿ ಬಡೀತಿದ್ದರು. ಹೊಸಿಲ ಹತ್ತಿರವೇ ಕೂತು ಎಲ್ಲ ಹೇಳಿಬಿಟ್ಟೆ. ಬುಧವಾರ ಅಂದದ್ದು, ನಾವು ನಕ್ಕದ್ದು, ನಾನು ಕಾಲು ಮುಟ್ಟಿದ್ದು. ರೊಟ್ಟಿ ಸದ್ದು ನಿಂತಿತು. ಬೈತಾರೆ ಅಂದುಕೊಂಡೆ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು!

"ಮನೀಗೆ ಬಂದು ನನಗೂ ಕೇಳಿದ್ರಪಾ" ಅಂದರು. "ಪೂಜಿ ಆತೇನು, ಪೂಜಿ ಆತೇನು ಅಂತ ಮೂರು ಸಲ. ನಾ ಏನಂದೆ ಗೊತ್ತೇನು? ನಿಮ್ಮ ದೇವರ ಭಕ್ತಿ ಹೆಚ್ಚಾತು, ಸುಮ್ನ ಮಲಕೊಳ್ರಿ ಅಂದೆ. ನಾನ ಹೊದಿಕಿ ಹೊಚ್ಚಿದೆ."

ಹಂಚಿನ ಮೇಲೆ ರೊಟ್ಟಿ ಸೀದುಹೋಯ್ತು. ಇಬ್ಬರೂ ತೆಗೀಲಿಲ್ಲ. ಆಮೇಲೆ ಅವರು ಸೆರಗಿನಿಂದ ಮುಖ ಒರೆಸಿಕೊಂಡು, "ಅವರು ನನಗ ಈ ಪಾಠ ಹೇಳಿಕೊಡಲಿಲ್ಲಪಾ. ಊರಿಗೆಲ್ಲ ಹೇಳಿದ್ರು" ಅಂದರು. ಚೀಲ ಮಾತ್ರ ವಾಪಸ್ ತಗೊಳ್ಳಲಿಲ್ಲ.

ಈಗ ವಿಷಯಕ್ಕೆ ಬಂದೆ. ಹೋದ ತಿಂಗಳು, ಮತ್ತೆ ಶುಕ್ರವಾರವೇ, ಮುನಿರಾಜಣ್ಣ ಬಿದ್ದ. ನಮ್ಮ ಟೆಂಪೋ ಡ್ರೈವರ್, ಮಾತೆತ್ತಿದರೆ ತಮಾಷೆ, ಆ ವಿಷಯದಲ್ಲಿ ನನಗೇ ಗುರು. ಟೆಂಪೋ ಮೇಲೆ ನಿಂತು ಹಗ್ಗ ಎಳೀತಿದ್ದ, ಹಗ್ಗ ಕಿತ್ತು ಬಂತು, ಅಂಗಾತ ಕೆಳಗೆ. ಎಲ್ಲರೂ ಓಡಿದರು. "ಸೋಡಾ ತರ್ರೋ", "ಎತ್ರೋ, ಆಟೋಗೆ ಹಾಕ್ರೋ!" ನಾನು ನಿಂತು ನೋಡಿದೆ, ನೀವು ಹೇಳಿದ ಹಾಗೆ. ಎಂಜಿನ್ ಆನ್ ಆಗಿತ್ತು, ಆಫ್ ಮಾಡಿಸಿದೆ. ಚಕ್ರಕ್ಕೆ ಕಲ್ಲು ಕೊಡಿಸಿದೆ. ಆಮೇಲೆ ಮಂಡಿಯೂರಿ ಅವನ ತಲೆಯನ್ನ ಎರಡೂ ಕೈಯಲ್ಲಿ ಅಲುಗದ ಹಾಗೆ ಹಿಡಿದೆ.

"ನಂಗೇನಾಗಿಲ್ಲ ಬಿಡ್ಲಾ" ಅಂದ.

"ಹೆಸರೇನಣ್ಣ?"

"ಮುನಿರಾಜ. ರೇಷನ್ ಕಾರ್ಡ್ ತೋರುಸ್ಲಾ?"

"ಇದು ಯಾವ ಜಾಗ?"

"ನಿಮ್ ಓನರ್ ಮಾವನ್ಮನೆ."

"ಇವತ್ತು ಯಾವ ವಾರ?"

"ಭಾನುವಾರ. ಮನೇಲಿ ಬಿರಿಯಾನಿ ಮಾಡವ್ಳೆ, ಬುಡು, ಓಗ್ಬೇಕು."

ಅವನ ಅಂಗಿ ಜೇಬಿಂದ ಕಡ್ಲೆಪುರಿ ಚೆಲ್ಲಿತ್ತು ಮೇಷ್ಟ್ರೇ. ಎಲ್ಲರೂ ನಕ್ಕರು. ನಕ್ಕು ನನ್ನ ಮುಖ ನೋಡಿದರು, ಇವನೂ ನಗ್ತಾನೆ ಅಂತ. ನಾನು ಅವನ ತಲೆ ಬಿಡಲಿಲ್ಲ. "ಆಂಬುಲೆನ್ಸಿಗೆ ಫೋನ್ ಮಾಡಿ" ಅಂದೆ.

"ತಮಾಸೆ ಮಾಡ್ದೆ ಕಣ್ಲಾ! ಸುಕ್ರವಾರ! ಸುಕ್ರವಾರ!" ಅಂತ ಮುನಿರಾಜಣ್ಣ ಕೂಗಿದ.

"ಈಗ ಸರಿ ಹೇಳಿದ್ರೂ ಬಿಡಲ್ಲ ಅಣ್ಣ. ಅಲ್ಲಾಡಬೇಡ."

"ಲೋ ಕಿಟ್ಟಿ, ಲೋಡ್ ಲೇಟ್ ಆಗುತ್ತೆ, ಸಾಕು ನಿನ್ನ ನಾಟಕ" ಅಂದರು ಸೂಪರ್‌ವೈಸರ್. ನನ್ನ ಜನ್ಮದಲ್ಲಿ ನಾಟಕ ಮಾಡದೆ ಇದ್ದದ್ದು ಅದೊಂದೇ ಇಪ್ಪತ್ತು ನಿಮಿಷ, ಅದನ್ನೂ ನಂಬಲಿಲ್ಲ. ಅವರದೇನು ತಪ್ಪು? ಆಂಬುಲೆನ್ಸ್ ಬರೋ ತನಕ, ಅಷ್ಟೂ ಹೊತ್ತು, ಮುನಿರಾಜಣ್ಣ ನನ್ನ ಮೂರು ತಲೆಮಾರಿಗೆ ಬೈದ. ಬೈಗುಳ ಸ್ಪಷ್ಟವಾಗಿದೆಯಾ, ತೊದಲುತ್ತಾ ಅಂತ ಕೇಳಿಸಿಕೊಳ್ತಾ ಕೂತೆ. ಬಹಳ ಸ್ಪಷ್ಟವಾಗಿತ್ತು.

ಸ್ಕ್ಯಾನ್ ಮಾಡಿದರು. ಏನೂ ಇಲ್ಲ ಮೇಷ್ಟ್ರೇ! ಬೆನ್ನು ತರಚಿತ್ತು ಅಷ್ಟೇ. ಅವನು ನಿಜಕ್ಕೂ ತಮಾಷೆಯೇ ಮಾಡಿದ್ದ. ನಾನು ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ಅತ್ತೆ. ಇಷ್ಟು ಸೊಗಸಾಗಿ ಯಾರೂ ನನ್ನನ್ನ ಬೇಸ್ತು ಬೀಳಿಸಿರಲಿಲ್ಲ. ಈಗ ಷೆಡ್ಡಿನಲ್ಲಿ ನನಗೆ 'ಭಾನುವಾರದ ಡಾಕ್ಟ್ರು' ಅಂತ ಹೆಸರು. ಇರಲಿ. ಇನ್ನು ಮುಂದೆ ನೂರು ಜನ ಸುಳ್ಳು ವಾರ ಹೇಳಿದರೂ ನೂರು ಸಲ ತಲೆ ಹಿಡಿದು ಕೂರ್ತೀನಿ, ಇದು ನಿಮ್ಮ ಆಣೆ. ಅವತ್ತು ನೀವೂ ತಮಾಷೆಯೇ ಮಾಡಿದ್ದಿದ್ದರೆ, ನಾನು ಹಿಡಿದು ಕೂತಿದ್ದರೆ, ನೀವು ಎಷ್ಟು ಬೈತಿದ್ರಿ... ಆ ಬೈಗುಳ ನನಗೆ ಸಿಗಬೇಕಿತ್ತು.

ಇನ್ನೊಂದು ಸುದ್ದಿ. ಮೆಟ್ರೋ ಓಡ್ತಿದೆ ಅನ್ನೋದಲ್ಲ, ಅದು ನಿಮಗೆ ಮೇಲಿಂದಲೇ ಕಾಣ್ತಿರುತ್ತೆ. ಶನಿವಾರದ ಕ್ಲಾಸ್ ಮತ್ತೆ ಶುರುವಾಗಿದೆ. ಷೆಡ್ಡಿನಲ್ಲಲ್ಲ, ನಿಮ್ಮ ಮನೆ ಟೆರೇಸ್ ಮೇಲೆ. ನಿಮ್ಮ ಬೀದಿಯ ಹೆಂಗಸರು ಬರ್ತಾರೆ, ಮುನಿರಾಜಣ್ಣ ಮುಂದಿನ ಸಾಲಿನಲ್ಲಿ ಕೂತು ತಲೆಹರಟೆ ಮಾಡ್ತಾನೆ. ಮೊನ್ನೆ ಗಿರಿಜಮ್ಮನವರ ಸರದಿ. ನಾನು ಚಾಪೆ ಮೇಲೆ ಗಾಯಾಳು, ನನ್ನ ಹಳೇ ಹುದ್ದೆ. ಅವರು ಸೆರಗು ಸಿಕ್ಕಿಸಿ, ನಿಂತು ಸುತ್ತ ನೋಡಿದರು. ಒಣಹಾಕಿದ್ದ ಬಟ್ಟೆಯ ತಂತಿ ಬಗ್ಗಿ ದಾಟಿದರು. ಭುಜ ತಟ್ಟಿದರು. ನನ್ನ ಮೂಗಿನ ಹತ್ತಿರ ಕೆನ್ನೆ ತಂದರು, ಅದೇ ವಿಭೂತಿ ವಾಸನೆ.

"ಹೆಸರೇನಪಾ?" ಹೇಳಿದೆ. "ಎಲ್ಲಿದ್ದೀ?" ಹೇಳಿದೆ.

"ಇವತ್ತು ಯಾವ ವಾರ?"

ಮುನಿರಾಜಣ್ಣ ನಗೋಕೆ ಬಾಯಿ ತೆರೆದುಕೊಂಡು ಕಾಯ್ತಿದ್ದ. ಗಿರಿಜಮ್ಮನವರ ಬೆರಳು ನನ್ನ ಹಣೆ ಮೇಲೆ ಹಾಗೇ ನಿಂತಿತ್ತು.

"ಶನಿವಾರ, ಅಮ್ಮ" ಅಂದೆ.