ತಪ್ಪು ಅಳತೆಗೂ ತೆರೆದುಕೊಂಡ ಫೈಲು

ರಜಿಯಾ ಆಪಾ,

ನೀವು ಊರು ಬಿಟ್ಟು ಹೋದ ಮೇಲೆ ಬರೆಯಲು ಧೈರ್ಯ ಬಂದಿರಲಿಲ್ಲ. ಇವತ್ತು ಬರೆಯದೆ ಆಗುತ್ತಿಲ್ಲ. ನೀವು ಕಟ್ಟಿದ, ರೋಗದ ಎಲೆ ಗುರುತಿಸುವ ಕಂಪ್ಯೂಟರ್ ಸುಳ್ಳು ಹೇಳುತ್ತಿದೆ.

ನಾವಿಬ್ಬರೂ ಗದ್ದೆಗದ್ದೆ ತಿರುಗಿ ರೋಗ ಬಂದ, ಹುಳ ಬಿದ್ದ ಭತ್ತದ ಫೋಟೋ ತೆಗೆದದ್ದು ನೆನಪಿದೆಯೇ? ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ನನಗೆ ನೀವು ಬಿಡಿಸಿ ಹೇಳಿದ್ದಿರಿ: ಕಂಪ್ಯೂಟರ್ ಪ್ರತಿ ಫೋಟೋವನ್ನು ಅಂಕಿಗಳ ಸಾಲು ಮಾಡುತ್ತದೆ, ಹೊಸ ಎಲೆಗೆ ಯಾವ ಸಾಲು ಹತ್ತಿರ ಎಂದು ಅಳೆಯುತ್ತದೆ. ಸಾಲುಗಳನ್ನೆಲ್ಲ ಒಂದು ಫೈಲಿನಲ್ಲಿ ಉಳಿಸಿಟ್ಟಿರಿ. "ಇದಕ್ಕ ಸಾಲು ನೆನಪಿರ್ತಾವ ಬೇಟಾ, ಯಾವ ಅಳತಿ ಅಂತ ನೆನಪಿರಂಗಿಲ್ಲ. ತೆರಿಯೋವಾಗ ನಾವಾ ಹೇಳ್ಬೇಕು. ತಪ್ಪು ಹೇಳಿದ್ರೂ ಬಾಯಿ ಬಿಡಂಗಿಲ್ಲ, ಸುಮ್ನ ತೆರಕೊಂತೈತಿ," ಎಂದು ನಕ್ಕಿರಿ. ಆಗ ನಾನೂ ನಕ್ಕೆ...

ಮೊನ್ನೆ ಪೈರಿಗೆ ಹೊಡೆಯುವ ಔಷಧಿ ಎಣ್ಣೆ ಮಾರುವ ನಮ್ಮ ಅಂಗಡಿಯ ಸಾಹುಕಾರರ ಮಗ ವೀರೇಶಣ್ಣ ಆ ಫೈಲನ್ನು ಹೊಸ ಕಂಪ್ಯೂಟರಿಗೆ ಹಾಕಿದ. ಮುಕ್ಕುಂದದ ಹನುಮವ್ವ ಪೈರು ತಂದಳು. ಬೆಂಕಿ ರೋಗ ಎಂದಿತು, ಅದರ ಎಣ್ಣೆ ಕೊಟ್ಟೆ. ಆಮೇಲೆ ಯಾರು ಏನು ತಂದರೂ ಬೆಂಕಿ ರೋಗ, ಹತ್ತಿರದ್ದು ಎಂದು ಪ್ರತಿಸಲ ತೋರಿಸುವುದು ಅದೇ ಒಂದು ಫೋಟೋ.

"ಅಣ್ಣಾ, ಎಲ್ಲಾರಿಗೂ ಒಂದಾ ಬರಾಕತ್ತೈತಿ," ಎಂದೆ.

"ಊರಿಗೆಲ್ಲಾ ಅದಾ ರೋಗ ಬಂದೈತಿ ತಗೋ ಬೇ. ಎರರ್ ಏನರ ಬಂತೇನು?"

ಬಂದಿರಲಿಲ್ಲ. ಮುಂದೆ ಬಂದವರಿಗೂ ಅದೇ ಎಣ್ಣೆ ಕೊಟ್ಟೆ.

ಇಂದು ಬೆಳಿಗ್ಗೆ ವೀರೇಶಣ್ಣ ತಮಾಷೆಗೆಂದು ತನ್ನ ಹೊಲದ ರೋಗವಿಲ್ಲದ ಹಚ್ಚಹಸಿರು ಎಲೆ ತೋರಿಸಿದ. ಅದಕ್ಕೂ ಬೆಂಕಿ ರೋಗ! ಅವನ ನಗು ಅಲ್ಲೇ ನಿಂತಿತು. ನಿಮ್ಮ ಹಳೆಯ ಕಂಪ್ಯೂಟರ್ ತೆಗೆದು ಹೋಲಿಸಿದ. ಫೈಲು ತೆರೆಯುವಾಗ ನೀವು ಬರೆದದ್ದು ಸಾಲುಗಳ ನಡುವಿನ ದೂರ ಅಳೆಯಲು. ಅವನು ಬರೆದದ್ದು ಅಂಕಿ ಗುಣಿಸಿ ಕೂಡಿಸಲು. ಹಾಗೆ ಮಾಡಿದರೆ ದೊಡ್ಡ ಅಂಕಿಗಳ ಸಾಲೇ ಗೆಲ್ಲುತ್ತದಂತೆ, ಎಲೆ ಯಾವುದೇ ಇರಲಿ. ತಿದ್ದಿ, ಹನುಮವ್ವನ ಪೈರಿನ ಫೋಟೋ ಮತ್ತೆ ತೋರಿಸಿದ. ರೋಗವೇ ಅಲ್ಲ, ಕಂದು ಜಿಗಿಹುಳು ಎಂದು ಬಂತು.

ಅಷ್ಟರಲ್ಲಿ ಹನುಮವ್ವನದೇ ಫೋನು. "ಯವ್ವಾ, ನೀವು ಕೊಟ್ಟ ಎಣ್ಣಿ ಹೊಡದೀವಿ. ಗುಂಡಗ ಕೆಂಪಾದ ಜಾಗ ಅಗಲ ಆಗಾಕತ್ತೈತಿ. ಬುಡದಾಗ ಹುಳ ಮುತ್ಯಾವ. ಬಾಜೂ ಹೊಲದವ್ರೂ ಅದಾ ಎಣ್ಣಿ ಒಯ್ದು ಹೊಡದಾರ."

ಹುಳಕ್ಕೆ ಬದು ಅಡ್ಡವೇ ಆಪಾ? ಇನ್ನೂ ಯಾರ್ಯಾರು ಒಯ್ದರೋ, ಯಾವ ಊರಿನವರೋ...

ಹುಳದ ಎಣ್ಣೆ ತೆಗೆದುಕೊಂಡು ಮುಕ್ಕುಂದದ ಬಸ್ಸಿನಲ್ಲಿ ಕೂತಿದ್ದೇನೆ. ನಾಲ್ಕು ಜನರ ಮುಂದೆ ಮಾತಾಡಲು ಅಂಜುವ ನಾನು ಇವತ್ತು ನಿಂತು ಹೇಳುತ್ತೇನೆ, ನಾವು ಕೊಟ್ಟದ್ದು ತಪ್ಪು ಎಂದು. ಕಿಟಕಿಯಾಚೆ ರಸ್ತೆಯ ಎರಡೂ ಕಡೆ ಹಸಿರು ಗದ್ದೆ. ನಡುನಡುವೆ, ಗುಂಡಗೆ, ಕೆಂಪು.