ಡ್ಯುಬೈಟಿಗೊಂದು ವಾಕ್ಯ

ರೀ,

ಇವತ್ತು ಬೆಳಿಗ್ಗೆ ಮೊಮ್ಮಗಳು ನೇಹಾ ಇಂಗ್ಲಿಷ್ ಪಾಠ ಓದುತ್ತಾ, "ಅಜ್ಜಿ, ಡ್ಯುಬೈಟಿ ಅಂದ್ರೆ ಎನ್ನ?" ಎಂದು ಎಂದಿನಂತೆ ತಮಿಳು ಬೆರೆಸಿ ಕೇಳಿದಳು.

ವಡಪಳನಿಯ ಸ್ಟುಡಿಯೋಗಳಲ್ಲಿ ಕಂಠದಾನ ಮಾಡುತ್ತಿದ್ದ ನೀವು ಒಮ್ಮೆ ಪೇಪರಿನಲ್ಲಿ ಆ ಪದ ಕಂಡು, "ಡಿ-ಯು-ಬಿ, ಡಬ್ ಅಂತಲೇ ಶುರುವಾಗುತ್ತೆ, ಇದು ನಮ್ಮ ಡಬ್ಬಿಂಗ್ ಕಸುಬಿನದೇ ಕಣೇ" ಎಂದಿದ್ದು ನೆನಪಾಗಿ ನಗು ಬಂತು.

"ನಿಜವೋ ಅಲ್ಲವೋ ಅನ್ನೋ ಅನುಮಾನ. ಮಾತಿನಲ್ಲಿ ಡೌಟ್ ಅಂತೀವಿ, ಇದನ್ನ ಬರೆಯೋವಾಗ ಬಳಸ್ತಾರೆ" ಎಂದೆ.

"ಒಂದು ಸೆಂಟೆನ್ಸ್ ಹೇಳಿ."

"ಇದು ತಾತನ ದನಿ ಅನ್ನೋದರಲ್ಲಿ ಅಜ್ಜಿಗೆ ಯಾವ ಡ್ಯುಬೈಟಿಯೂ ಇಲ್ಲ" ಎಂದು ಫೋನಿನಲ್ಲಿ ನೀವು ದನಿ ಕೊಟ್ಟ ಹಳೆಯ ಸಿನಿಮಾ ಹಾಕಿದೆ.

ನೀವು ಹೋದ ಮೇಲೆ ಹುಟ್ಟಿದ ಅವಳು ನಿಮ್ಮನ್ನು ನೋಡಿದವಳಲ್ಲ. "ತಾತ ಪೇರು ಎಲ್ಲಿ?" ಎಂದು ಪರದೆಯಲ್ಲಿ ಹುಡುಕಿದಳು.

"ದನಿ ಕೊಟ್ಟವರ ಹೆಸರು ಹಾಕ್ತಿರಲಿಲ್ಲಮ್ಮ. ಕೇಳು" ಎಂದೆ.

ಕೆಳಗೆ ಸ್ಕೂಲ್ ವ್ಯಾನ್ ಹಾರ್ನ್ ಹೊಡೆಯುತ್ತಲೇ ಇತ್ತು. ನಾವಿಬ್ಬರೂ ಏಳಲಿಲ್ಲ.